ಎಂಟಿಬಿ (ಮೌಂಟನ್ ಬೈಕ್) ಬ್ರೇಕ್: ಕೇಬಲ್ ಡಿಸ್ಕಾ, ಹೈಡ್ರಾಲಿಕ್ಕಾ?

ಕೇಬಲ್ ಡಿಸ್ಕ್, ಅಂದರೆ ತಂತಿ ಎಳೆದು ಹಿಡಿಯುವ ಡಿಸ್ಕ್ ಬ್ರೇಕ್, ಅಗ್ಗ. ಕೇಬಲ್ ಹೋದರೆ ಊರಿನ ಸೈಕಲ್ ಅಂಗಡಿಯಲ್ಲೇ ಹಾಕಿಸಿಕೊಂಡು ಹೊರಡಬಹುದು. ಆದರೆ ಪ್ಯಾಡ್ ಸವೆದಂತೆ ನಾವೇ ಹೊಂದಿಸುತ್ತಿರಬೇಕು, ಉದ್ದ ಇಳಿಜಾರಿನಲ್ಲಿ ಕೈ ನೋಯುತ್ತದೆ.

ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್‌ಗೆ ಒಂದೇ ಬೆರಳು ಸಾಕು, ಪ್ಯಾಡ್ ಸವೆತಕ್ಕೆ ತಾನೇ ಹೊಂದಿಕೊಳ್ಳುತ್ತದೆ. ವಾರಕ್ಕೊಮ್ಮೆ ಕಾಡುದಾರಿ ಹಿಡಿಯುವವರಿಗೆ ಶಿಮಾನೊ ಎಂಟಿ200 ಧಾರಾಳ ಸಾಕು, ಸುಮ್ನೆ ಅದೇ ಕಂಪನಿಯ ದುಬಾರಿ ಎಕ್ಸ್‌ಟಿಆರ್‌ಗೆ ದುಡ್ಡು ಸುರಿಯಬೇಡಿ. ಶಿಮಾನೊಗೆ ಮಿನರಲ್ ಆಯಿಲ್ ಮಾತ್ರ. ಡಾಟ್ ಫ್ಲೂಯಿಡ್ (ಕಾರಿಗೆ ಹಾಕುವ ಬ್ರೇಕ್ ಆಯಿಲ್) ಹಾಕಿದರೆ ಸೀಲ್ ಹಾಳು.

ಹೊಸದಾದರೆ ನಾನು ಹೈಡ್ರಾಲಿಕ್ಕೇ ಅನ್ನುತ್ತೇನೆ. ಸೆಕೆಂಡ್ ಹ್ಯಾಂಡ್ ಆದರೆ ಲಿವರ್ ಒತ್ತಿ ನೋಡಿ, ಮೆತ್ತಗೆ ಹ್ಯಾಂಡಲ್ ತನಕ ಬಂದರೆ, ಅಥವಾ ಕ್ಯಾಲಿಪರ್ (ಪ್ಯಾಡ್ ಕೂರುವ ಭಾಗ) ಸುತ್ತ ಎಣ್ಣೆ ಜಿನುಗಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಶಿಮಾನೊ ರೋಟರ್ (ಚಕ್ರದ ಡಿಸ್ಕ್) 1.5 ಮಿ.ಮೀ.ಗೆ ಸವೆದಿದ್ದರೆ ಅದೂ ಬೇಡ. ಮಾರುವವರು ಹೋಸ್ (ಎಣ್ಣೆಯ ಕೊಳವೆ) ಕತ್ತರಿಸಬೇಡಿ. ಉದ್ದ ಇದ್ದರೆ ಜಾಸ್ತಿ ಫ್ರೇಮ್‌ಗಳಿಗೆ ಆಗುತ್ತೆ, ಅಲ್ವಾ?