0ರಿಂದ 100ರೊಳಗಿನ ಸಂಖ್ಯೆ: ಹ್ಯಾಸ್ಕೆಲ್‌ನಲ್ಲಿ ಯಾವ ದಾರಿ?

ಶೇಕಡಾವಾರು 0ರಿಂದ 100ರೊಳಗೇ ಇರಬೇಕೆಂದರೆ ಹ್ಯಾಸ್ಕೆಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಿಮ್ಮ ಮುಂದಿರುವುದು ಮುಖ್ಯವಾಗಿ ಎರಡು ದಾರಿ: ಸ್ಮಾರ್ಟ್ ಕನ್‌ಸ್ಟ್ರಕ್ಟರ್, ಇಲ್ಲವೇ ಲಿಕ್ವಿಡ್ ಹ್ಯಾಸ್ಕೆಲ್. ಮೊದಲನೆಯದು ಬೆಲೆಯನ್ನು ಪರೀಕ್ಷಿಸಿಯೇ ಕಟ್ಟಿಕೊಡುವ ಫಂಕ್ಷನ್; ಎರಡನೆಯದು ಟೈಪ್ ಜೊತೆ ಬರೆದ ಮಿತಿಯನ್ನು ಕೋಡ್ ಪಾಲಿಸುತ್ತದೆಯೇ ಎಂದು ನೋಡುವ ಸಾಧನ.

ಕಲಿಯಲು ಮೊದಲನೆಯದೇ ಸುಲಭ. ನ್ಯೂಟೈಪ್ (ಇರುವ ಟೈಪನ್ನೇ ಸುತ್ತಿ ಮಾಡಿದ ಹೊಸ ಟೈಪ್) ಮಾಡಿ, ಅದರ ಕನ್‌ಸ್ಟ್ರಕ್ಟರನ್ನು ಎಕ್ಸ್‌ಪೋರ್ಟ್ ಮಾಡದೆ, ಪರೀಕ್ಷಿಸಿ ‘ಮೇಬಿ’ (ಒಂದೋ ಬೆಲೆ, ಇಲ್ಲವೇ ಏನೂ ಇಲ್ಲವೆನ್ನುವ ‘ನಥಿಂಗ್’) ಕೊಡುವ ಫಂಕ್ಷನ್ ಒಂದನ್ನೇ ಹೊರಗೆ ಬಿಡಿ. 105 ಕೊಟ್ಟರೆ ‘ನಥಿಂಗ್’ ಬರುತ್ತದೆ. ಆದರೆ ‘ನಮ್’ (ಕೂಡು, ಕಳೆ ಮುಂತಾದ ಲೆಕ್ಕಗಳ ಕ್ಲಾಸ್) ಡಿರೈವ್ ಮಾಡಿದಿರೋ, ಅಂದರೆ ಒಳಗಿನ ಸಂಖ್ಯೆಯ ಲೆಕ್ಕಗಳನ್ನು ಹಾಗೇ ಎರವಲು ಪಡೆದಿರೋ, ಕಾವಲೇ ಹೋಯಿತು: 60ಕ್ಕೆ 70 ಕೂಡಿಸಿದರೆ 130 ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಲಿಕ್ವಿಡ್ ಹ್ಯಾಸ್ಕೆಲ್ ಇಂಥ ಕೂಡಿಕೆಯನ್ನು ಕಂಪೈಲ್ ಆಗುವಾಗಲೇ ಹಿಡಿಯುತ್ತದೆ. ಅದಕ್ಕೆ ಝಡ್3ಯಂಥ ಸಾಲ್ವರ್ (ತಾರ್ಕಿಕ ಷರತ್ತುಗಳನ್ನು ಪರಿಶೀಲಿಸುವ ತಂತ್ರಾಂಶ) ಬೇಕು, ಜಿಎಚ್‌ಸಿ ಎಂಬ ಹ್ಯಾಸ್ಕೆಲ್ ಕಂಪೈಲರ್‌ನ ಆವೃತ್ತಿ ಅದಕ್ಕೆ ಹೊಂದಬೇಕು, ಎರರ್ ಓದಲು ತಾಳ್ಮೆಯೂ ಬೇಕು.

ಸಂಖ್ಯೆ ಫಾರ್ಮ್‌ನಿಂದಲೋ ಜೇಸನ್ ದತ್ತಾಂಶದಿಂದಲೋ ಬರುವುದಾದರೆ ಮೊದಲನೆಯದು ಸಾಕು. ರನ್‌ಟೈಮ್ ಪರೀಕ್ಷೆ ಹೇಗೂ ತಪ್ಪದು. ಅರೇ ಇಂಡೆಕ್ಸ್‌ನಂತೆ ಒಳಗೊಳಗೇ ಲೆಕ್ಕಾಚಾರ ಹೆಚ್ಚಿದ್ದರೆ ಎರಡನೆಯದಕ್ಕೆ ಶ್ರಮ ಹಾಕಿ.