ಸೀಟನ್ ಇನ್ಫಿನಿಟಿವಿ 4: ಎಂಟು ವರ್ಷ ಬಳಸಿದ ಮೇಲೆ

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಟಿವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುತ್ತಿದ್ದದ್ದು ಕೇಬಲ್ ಕಂಪನಿಯ ಡಬ್ಬಿಯಲ್ಲ, ಮೇಜಿನ ಕೆಳಗಿದ್ದ ವಿಂಡೋಸ್ 7 ಕಂಪ್ಯೂಟರು. ಅದರ ಮದರ್‌ಬೋರ್ಡಿಗೆ ಸಿಕ್ಕಿಸಿದ್ದ ಸೀಟನ್ ಇನ್ಫಿನಿಟಿವಿ 4 ಎಂಬ, ಕೇಬಲ್ ಚಾನೆಲ್‌ಗಳನ್ನು ಹಿಡಿಯುವ ಟ್ಯೂನರ್ ಕಾರ್ಡ್ 2013ರಿಂದ 2020ರ ಅಂತ್ಯದವರೆಗೆ ದುಡಿಯಿತು. ಈ ಕಾರ್ಡ್ ಇಂದಿಗೂ ಬಳಸಿದ ಸಾಮಾನುಗಳ ಮಾರಾಟದಲ್ಲಿ ಆಗಾಗ ಕಡಿಮೆ ಬೆಲೆಗೆ ಕಣ್ಣಿಗೆ ಬೀಳುವುದರಿಂದ, ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನನ್ನಲ್ಲಿ ಇದ್ದದ್ದು ಗೂಢಲಿಪಿಯಿಲ್ಲದ ಚಾನೆಲ್‌ಗಳನ್ನಷ್ಟೇ ಹಿಡಿಯುವ ಅಗ್ಗದ ಕಾರ್ಡ್. ಸ್ಥಳೀಯ ಪ್ರಸಾರ ಕೇಂದ್ರಗಳು ಕೇಬಲ್ ತಂತಿಯಲ್ಲಿ ಹಾಗೆಯೇ ತೆರೆದು ಬರುತ್ತಿದ್ದ ಕಾಲಕ್ಕೆ ಅದು ಸಾಕಾಗಿತ್ತು. ಆದರೆ ಸಂಪೂರ್ಣ ಡಿಜಿಟಲ್ ಆದ ಕೇಬಲ್ ಜಾಲಗಳು ಮೂಲ ಚಾನೆಲ್‌ಗಳಿಗೂ ಬೀಗ ಹಾಕಬಹುದೆಂದು ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ 2012ರ ಅಕ್ಟೋಬರ್‌ನಲ್ಲಿ ಅನುಮತಿ ಕೊಟ್ಟ ಮೇಲೆ, ಕೆಲವೇ ತಿಂಗಳಲ್ಲಿ ನನ್ನ ಚಾನೆಲ್ ಪಟ್ಟಿ ಒಂದೊಂದಾಗಿ ಖಾಲಿಯಾಯಿತು. ಉಳಿದ ದಾರಿ ಕೇಬಲ್‌ಕಾರ್ಡ್ ಒಂದೇ. ಅದು ಕೇಬಲ್ ಕಂಪನಿ ಬಾಡಿಗೆಗೆ ಕೊಡುವ, ಬೀಗ ತೆಗೆಯುವ ಕೆಲಸವನ್ನಷ್ಟೇ ಮಾಡುವ ಚಪ್ಪಟೆ ಬಿಲ್ಲೆ. ಇನ್ಫಿನಿಟಿವಿ ಅಂಥ ಒಂದೇ ಬಿಲ್ಲೆಯಿಂದ ನಾಲ್ಕು ಟ್ಯೂನರ್‌ಗಳನ್ನು ನಡೆಸುತ್ತದೆ. 2010ರಲ್ಲಿ ಮಾರುಕಟ್ಟೆಗೆ ಬಂದಾಗ ಇದರ ಬೆಲೆ 399 ಡಾಲರ್ ಇತ್ತು. ನಾನು ಕೊಳ್ಳುವಷ್ಟರಲ್ಲಿ ಸರಿಸುಮಾರು ಅರ್ಧಕ್ಕೆ ಇಳಿದಿತ್ತು.

ಕಾರ್ಡನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ಕಷ್ಟವಿರುವುದು ಜೋಡಣೆಯಲ್ಲಿ, ಅಂದರೆ ಆ ಬಿಲ್ಲೆಗೂ ಈ ಕಾರ್ಡಿಗೂ ಕೇಬಲ್ ಕಂಪನಿಯಿಂದ ನಂಟು ಹಾಕಿಸುವುದರಲ್ಲಿ. ಪರದೆಯ ಮೇಲೆ ಕಾಣುವ ಹೋಸ್ಟ್ ಐಡಿ, ಡೇಟಾ ಐಡಿ ಎಂಬ ಉದ್ದನೆಯ ಸಂಖ್ಯೆಗಳನ್ನು ದೂರವಾಣಿಯಲ್ಲಿ ಓದಿ ಹೇಳಬೇಕು, ಅತ್ತ ಕಡೆಯವರು ಅವನ್ನು ತಪ್ಪಿಲ್ಲದೆ ದಾಖಲಿಸಬೇಕು. ನಮ್ಮ ಕಂಪನಿಯ ಮೊದಲ ಇಬ್ಬರು ಪ್ರತಿನಿಧಿಗಳು ನನ್ನ ಸೆಟ್‌ಟಾಪ್ ಬಾಕ್ಸ್ ಹಾಳಾಗಿದೆಯೆಂದೇ ತಿಳಿದು ಅದನ್ನು ಆರಿಸಿ ಹಚ್ಚಲು ಹೇಳಿದರು. ಮನೆಯಲ್ಲಿ ಬಾಕ್ಸೇ ಇರಲಿಲ್ಲ. ಮೂರನೆಯವರು ಎರಡು ನಿಮಿಷದಲ್ಲಿ ಮುಗಿಸಿದರು. ಜೋಡಣೆ ಅರ್ಧಕ್ಕೆ ನಿಂತಿದ್ದರೂ ನಕಲಿಗೆ ನಿರ್ಬಂಧವಿಲ್ಲದ ಚಾನೆಲ್‌ಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಕೆಲವು ಬಂದು ಕೆಲವು ಬಾರದಿದ್ದರೆ ತಂತಿಯನ್ನು ಅನುಮಾನಿಸುವ ಮೊದಲು ಜೋಡಣೆಯನ್ನು ಅನುಮಾನಿಸಬೇಕು.

ಅಲ್ಲಿಂದ ಮುಂದೆ ಈ ಕಾರ್ಡಿನ ಬಗ್ಗೆ ನನಗೆ ದೂರಿಲ್ಲ. ಕೇಬಲ್‌ನಲ್ಲಿ ಬಂದ ಡಿಜಿಟಲ್ ಪ್ರವಾಹವನ್ನು ಅದು ಮತ್ತೊಮ್ಮೆ ಕುಗ್ಗಿಸದೆ ಹಾಗೆಯೇ ಡಿಸ್ಕಿಗೆ ಇಳಿಸುವುದರಿಂದ, ನೇರ ಪ್ರಸಾರದ ಚಿತ್ರಕ್ಕೂ ಮರುದಿನ ನೋಡುವ ಚಿತ್ರಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ. ಅದಕ್ಕೆ ತೆರುವ ಬೆಲೆ ಜಾಗ: ನಮ್ಮಲ್ಲಿ ಒಂದು ಗಂಟೆಯ ಎಚ್‌ಡಿ ಕಾರ್ಯಕ್ರಮಕ್ಕೆ ಸುಮಾರು 7 ಗಿಗಾಬೈಟ್ ಬೇಕಾಗುತ್ತಿತ್ತು, 2 ಟೆರಾಬೈಟಿನ ಡಿಸ್ಕ್ 280 ಗಂಟೆಗೆ ತುಂಬುತ್ತಿತ್ತು. ನಾಲ್ಕೂ ಟ್ಯೂನರ್‌ಗಳು ಒಟ್ಟಿಗೆ ಓಡುವಾಗಲೂ ಪ್ರೊಸೆಸರ್‌ಗೆ ಭಾರವೆನಿಸಲಿಲ್ಲ, ಏಕೆಂದರೆ ಅದು ಮಾಡುತ್ತಿದ್ದದ್ದು ಬಂದದ್ದನ್ನು ಬರೆದಿಡುವ ಗುಮಾಸ್ತಗಿರಿ ಮಾತ್ರ. ಪೇ-ಪರ್-ವ್ಯೂ, ಆನ್ ಡಿಮ್ಯಾಂಡ್‌ಗಳನ್ನು ಇದರಿಂದ ತರಿಸಿಕೊಳ್ಳಲಾಗದು.

ಈ ಕಾರ್ಡನ್ನು ಅಳೆಯಬೇಕಾದದ್ದು ನಕಲಿನ ನಿಯಮಗಳಿಂದ. ಪ್ರತಿ ಕಾರ್ಯಕ್ರಮದೊಡನೆ ಕೇಬಲ್ ಕಂಪನಿ ಒಂದು ಗುರುತನ್ನು ಕಳುಹಿಸುತ್ತದೆ: ಕಾಪಿ ಫ್ರೀಲಿ (ನಕಲಿಗೆ ನಿರ್ಬಂಧವಿಲ್ಲ), ಕಾಪಿ ಒನ್ಸ್ (ಒಮ್ಮೆ ಮಾತ್ರ), ಕಾಪಿ ನೆವರ್ (ನಕಲೇ ಕೂಡದು). ಆ್ಯಂಟೆನಾಕ್ಕೂ ಸಿಗುವ ಪ್ರಸಾರ ಕೇಂದ್ರಗಳಿಗೆ ನಿರ್ಬಂಧ ಹೇರುವಂತಿಲ್ಲ ಎಂಬ ನಿಯಮವನ್ನು ಎಫ್‌ಸಿಸಿ ಮಾಡಿತ್ತು (2013ರಲ್ಲಿ ಅದು ನ್ಯಾಯಾಲಯದಲ್ಲಿ ರದ್ದಾಯಿತು). ಉಳಿದ ಚಾನೆಲ್‌ಗಳಿಗೆ ಕಾಪಿ ಒನ್ಸ್ ಹಾಕಬಹುದು, ಕೆಲವು ಕಂಪನಿಗಳು ಕಂಡದ್ದಕ್ಕೆಲ್ಲ ಹಾಕುತ್ತವೆ. ಹಾಗೆ ಗುರುತು ಬಿದ್ದ ರೆಕಾರ್ಡಿಂಗ್ ವಿಂಡೋಸ್ ಮೀಡಿಯಾ ಸೆಂಟರ್ ಎಂಬ ಮೈಕ್ರೋಸಾಫ್ಟ್‌ನ ಟಿವಿ ತಂತ್ರಾಂಶದಲ್ಲಿ, ಅದನ್ನು ಮಾಡಿದ ಕಂಪ್ಯೂಟರಿನಲ್ಲಿ, ಇಲ್ಲವೇ ಅದಕ್ಕೆ ಜೋಡಿಸಿದ ಎಕ್ಸ್‌ಬಾಕ್ಸ್ 360 ಆಟದ ಯಂತ್ರದಂಥ ಪೂರಕ ಸಾಧನದಲ್ಲಿ ಮಾತ್ರ ತೆರೆಯುತ್ತದೆ. ಇದನ್ನು ನಾನು ಓದಿ ತಿಳಿದಿದ್ದೆ. ಮನವರಿಕೆಯಾದದ್ದು 2016ರಲ್ಲಿ ಮದರ್‌ಬೋರ್ಡ್ ಸತ್ತಾಗ. ಡಿಸ್ಕ್ ಸುರಕ್ಷಿತವಾಗಿತ್ತು, ಕಡತಗಳೆಲ್ಲ ಇದ್ದವು, ಗಾತ್ರವೂ ಸರಿಯಾಗಿತ್ತು. ಸಾರ್ವಜನಿಕ ವಾಹಿನಿ ಪಿಬಿಎಸ್‌ನಿಂದ ಮಗಳಿಗಾಗಿ ಕೂಡಿಟ್ಟ ವಿಜ್ಞಾನ ಕಾರ್ಯಕ್ರಮಗಳು ಹೊಸ ಬೋರ್ಡಿನಲ್ಲಿ ತಕರಾರಿಲ್ಲದೆ ಓಡಿದವು. ಕಾಪಿ ಒನ್ಸ್ ಗುರುತಿನ ಸುಮಾರು ನೂರು ಗಂಟೆಯ ಸಂಗ್ರಹ ಮಾತ್ರ ಮತ್ತೆ ತೆರೆಯಲೇ ಇಲ್ಲ. ಸೂಟ್‌ಕೇಸು ಕೈಗೆ ಬಂದಿತ್ತು, ಕೀಲಿಕೈ ಹಳೆಯ ಬೋರ್ಡಿನೊಂದಿಗೆ ಹೋಗಿತ್ತು.

ಮೀಡಿಯಾ ಸೆಂಟರ್‌ನ ಮೇಲಿನ ಈ ಅವಲಂಬನೆಯೇ ಕಾರ್ಡಿನ ಆಯುಸ್ಸನ್ನೂ ನಿರ್ಧರಿಸಿತು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರ್ ಇರಲಿಲ್ಲ. 2020ರ ಜನವರಿಯಲ್ಲಿ ವಿಂಡೋಸ್ 7ರ ಬೆಂಬಲವೂ ಕಾರ್ಯಕ್ರಮ ಪಟ್ಟಿಯ ಸೇವೆಯೂ ನಿಂತವು. ಪಟ್ಟಿಯನ್ನು ಇಪಿಜಿ123 ಎಂಬ ಉಚಿತ ತಂತ್ರಾಂಶದಿಂದ, ವಾರ್ಷಿಕ ಚಂದಾ ಕಟ್ಟಿ, ಇನ್ನೂ ಕೆಲವು ತಿಂಗಳು ತುಂಬಿಸಿಕೊಂಡೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಎಫ್‌ಸಿಸಿ ಕೇಬಲ್‌ಕಾರ್ಡ್ ನಿಯಮಗಳನ್ನೇ ತೆಗೆದುಹಾಕಿದ ಮೇಲೆ, ಹೊಸ ಬಿಲ್ಲೆ ಕೊಡುವುದೂ ಬಿಡುವುದೂ ಕಂಪನಿಯ ಮರ್ಜಿಗೆ ಬಿಟ್ಟ ವಿಷಯವಾಯಿತು.

ಬೆಂಗಳೂರಿನ ಬಂಧುಗಳೊಬ್ಬರು ಇದನ್ನು ತಂದುಕೊಡಲು ಕೇಳಿದ್ದರು, ಬೇಡವೆಂದೆ. ಬೆಂಗಳೂರು, ಮೈಸೂರುಗಳು 2013ರ ಡಿಜಿಟಲೀಕರಣದ ಎರಡನೇ ಹಂತದಲ್ಲೇ ಸೇರಿದ್ದರೂ ಅಲ್ಲಿನ ಕೇಬಲ್ ಡಿವಿಬಿ-ಸಿ ಪದ್ಧತಿಯದು, ಉತ್ತರ ಅಮೆರಿಕದ ಸಂಕೇತ ಪದ್ಧತಿಯಲ್ಲ. ಬೀಗ ತೆಗೆಯುವ ವ್ಯವಸ್ಥೆಯೂ ಆಪರೇಟರ್ ಕೊಟ್ಟ ಡಬ್ಬಿಯೊಳಗೇ ಇರುತ್ತದೆ. ಅಲ್ಲಿ ಈ ಕಾರ್ಡಿಗೆ ಒಂದು ಚಾನೆಲ್ಲೂ ಸಿಗದು.

ಆದ್ದರಿಂದ ಇಂದು ಇದನ್ನು ಕೊಳ್ಳಬಹುದಾದವರು ಕೇಬಲ್‌ಕಾರ್ಡ್ ಈಗಾಗಲೇ ಕೈಯಲ್ಲಿರುವವರು, ಹಳೆಯ ವಿಂಡೋಸ್ ಕಂಪ್ಯೂಟರನ್ನು ಇದೊಂದೇ ಕೆಲಸಕ್ಕೆ ಮೀಸಲಿಡಬಲ್ಲವರು ಮತ್ತು ನೋಡಿ ಅಳಿಸುವ ಅಭ್ಯಾಸವಿರುವವರು. ಕೂಡಿಡುವ ಆಸೆಯುಳ್ಳವರಿಗೆ ಆ್ಯಂಟೆನಾ ಮತ್ತು ಸಾಧಾರಣ ಟ್ಯೂನರ್ ಮೇಲು. ಸೇವೆ ನಿಲ್ಲಿಸುವಾಗ ಆ ಚಪ್ಪಟೆ ಬಿಲ್ಲೆಯನ್ನು ಕಾರ್ಡಿನಿಂದ ಕಿತ್ತು ಹಿಂತಿರುಗಿಸಲು ಮರೆಯಬಾರದು. ನಾನು ಮರೆತಿದ್ದೆ, ಮುಂದಿನ ಎರಡು ಬಿಲ್ಲುಗಳಲ್ಲಿ ಅದರ ಬಾಡಿಗೆ ಬಂದಿತ್ತು.