ಊರಿಂದ ಮುಂಬೈ, ಮುಂಬೈಯಿಂದ ವಿದೇಶ: ಎರಡು ಪಿಎನ್‌ಆರ್ ಟಿಕೆಟ್ ಕೈಗಿಟ್ಟರೆ ಹುಷಾರು

ಮಂಗಳೂರಿನಿಂದ ಮುಂಬೈ ಮೇಲೆ ಲಂಡನ್ನಿಗೆ, ಮಗಳ ಮನೆಗೆ ಹೊರಟಿದ್ದ ಹಿರಿಯ ದಂಪತಿ ಕಳೆದ ಮಳೆಗಾಲದಲ್ಲಿ ಮುಂಬೈ ನಿಲ್ದಾಣದ ಸಹಾರ್ ಕಡೆಯ ಟರ್ಮಿನಲ್‌ನಲ್ಲಿ (ಟಿ2) ವಿಮಾನ ತಪ್ಪಿಸಿಕೊಂಡರು. ಟಿಕೆಟ್ ಮಾಡಿಕೊಟ್ಟದ್ದು ಉಪನಗರದ ಒಬ್ಬ ಏಜೆಂಟ್. "ಎರಡೂ ಒಂದೇ ಕಂಪನಿ ಮಾರಾಯ್ರೆ, ಏನೂ ತೊಂದರೆ ಇಲ್ಲ" ಎಂದಿದ್ದನಂತೆ. ಅವನು ಕೊಟ್ಟ ಹಾಳೆಯಲ್ಲಿ ಎರಡು ವಿಮಾನಗಳೂ ಒಂದರ ಕೆಳಗೊಂದು ಇದ್ದವು, ಮೇಲೆ ಒಂದೇ ಬುಕಿಂಗ್ ಸಂಖ್ಯೆ. ಆ ಸಂಖ್ಯೆ ಏಜೆನ್ಸಿಯದ್ದು. ವಿಮಾನ ಕಂಪನಿಯ ಲೆಕ್ಕದಲ್ಲಿ ಪಿಎನ್‌ಆರ್ (ಕಂಪನಿಯೇ ಕೊಡುವ ಬುಕಿಂಗ್ ಸಂಖ್ಯೆ) ಎರಡು, ಟಿಕೆಟ್ ಎರಡು, ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊದಲ ವಿಮಾನ ಮಳೆಯಿಂದ ತಡವಾಗಿ ಸಾಂತಾಕ್ರೂಜ್‌ನ ಟಿ1ರಲ್ಲಿ ಇಳಿಯಿತು. ಬೆಲ್ಟಿನಲ್ಲಿ ಪೆಟ್ಟಿಗೆ ಬರುವವರೆಗೆ ಕಾದು, ಹೊರಗೆ ಬಂದು ಟ್ಯಾಕ್ಸಿ ಹಿಡಿದು, ಹೈವೇ ಟ್ರಾಫಿಕ್ ದಾಟಿ ಟಿ2 ತಲುಪುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ವಿದೇಶಿ ವಿಮಾನಕ್ಕೆ ಚೆಕ್-ಇನ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮುಂಚೆ ಮುಚ್ಚುತ್ತದೆ, ಕೆಲವು ಕಡೆ 75 ನಿಮಿಷ. ಎರಡನೇ ಕಂಪನಿಯ ಕಂಪ್ಯೂಟರಿನಲ್ಲಿ ಇಬ್ಬರ ಹೆಸರಿನ ಮುಂದೂ 'ನೋ-ಶೋ', ಅಂದರೆ ಬಾರದ ಪ್ರಯಾಣಿಕರು ಎಂದು ಬಿತ್ತು. ಹೋಗುವ ಪ್ರಯಾಣ ನೋ-ಶೋ ಆದರೆ ಅದೇ ಟಿಕೆಟಿನ ವಾಪಸು ಪ್ರಯಾಣವೂ ತಾನಾಗಿ ರದ್ದಾಗುತ್ತದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಕೊನೆಗೆ ಹೊಸ ಟಿಕೆಟ್ ಕೊಳ್ಳಬೇಕಾಯಿತು, ಅವತ್ತಿನ ದರಕ್ಕೆ. ಏಜೆಂಟ್ ಫೋನ್ ಎತ್ತಲಿಲ್ಲ.

'ಎರಡೂ ಒಂದೇ ಕಂಪನಿ' ಎಂಬ ಮಾತನ್ನು ನಮ್ಮವರು ಇಷ್ಟು ಸುಲಭವಾಗಿ ನಂಬುವುದಕ್ಕೆ ಏರ್ ಇಂಡಿಯಾದ ಚರಿತ್ರೆಯೂ ಒಂದು ಕಾರಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ಜುಹುವಿನಲ್ಲಿ ಇಳಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದರು. 1948ರಲ್ಲಿ ಮುಂಬೈ–ಲಂಡನ್ ಹಾರಾಟ ಶುರುವಾಯಿತು. 1953ರ ರಾಷ್ಟ್ರೀಕರಣದಲ್ಲಿ ಹೊರದೇಶಕ್ಕೆ ಏರ್ ಇಂಡಿಯಾ, ಒಳನಾಡಿಗೆ ಇಂಡಿಯನ್ ಏರ್‌ಲೈನ್ಸ್ ಎಂದು ಪಾಲಾಯಿತು. 2007ರಲ್ಲಿ ಎರಡೂ ಮತ್ತೆ ಸೇರಿದವು. ನಾರಿಮನ್ ಪಾಯಿಂಟಿನ ಆ ಕಟ್ಟಡ ನೋಡುತ್ತಲೇ ಬೆಳೆದ ಮುಂಬೈ ಕನ್ನಡಿಗರಿಗೆ ಅದು ಈಗಲೂ 'ನಮ್ಮ ಸರ್ಕಾರಿ ಕಂಪನಿ'. ಆದರೆ 2022ರ ಜನವರಿ 27ರಿಂದ ಅದು ಮತ್ತೆ ಟಾಟಾ ಕೈಯಲ್ಲಿದೆ. 2024ರ ಅಕ್ಟೋಬರ್ 1ಕ್ಕೆ ಹಳೆಯ ಏರ್ ಏಷ್ಯಾ ಇಂಡಿಯಾ ಹೋಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿತು, ನವೆಂಬರ್ 12ಕ್ಕೆ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿತು. ಈಗ ಉಳಿದಿರುವುದು ಎರಡು: 'ಎಐ' ಸಂಕೇತದ ಏರ್ ಇಂಡಿಯಾ, 'ಐಎಕ್ಸ್' ಸಂಕೇತದ ಎಕ್ಸ್‌ಪ್ರೆಸ್. ಯಜಮಾನರು ಒಬ್ಬರೇ ಆದರೂ ಇವು ಬೇರೆ ಬೇರೆ ವಿಮಾನ ಸಂಸ್ಥೆಗಳು. ಲಗೇಜು ನಿಯಮ, ಟಿಕೆಟ್ ಷರತ್ತು ಬೇರೆ. ಎಕ್ಸ್‌ಪ್ರೆಸ್ ಹಾರಿಸುವ ಕೆಲವು ವಿಮಾನಗಳಿಗೆ ಕೋಡ್‌ಶೇರ್ (ಒಬ್ಬರ ವಿಮಾನವನ್ನು ಇನ್ನೊಬ್ಬರು ತಮ್ಮ ಸಂಖ್ಯೆಯಲ್ಲಿ ಮಾರುವುದು) ಲೆಕ್ಕದಲ್ಲಿ ಎಐ ಸಂಖ್ಯೆಯೂ ಇರುತ್ತದೆ. ಹಾಗಾಗಿ ಸಂಖ್ಯೆ ನೋಡಿ ಸುಮ್ಮನಾಗಬೇಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಆಪರೇಟೆಡ್ ಬೈ' ಎಂದು ಯಾರ ಹೆಸರಿದೆ ಓದಿ.

ಹಣ ಕೊಡುವ ಮೊದಲು ಏಜೆಂಟ್ ಹತ್ತಿರ ಕೇಳಬೇಕಾದ್ದು ಒಂದೇ: ಎಲ್ಲ ಪ್ರಯಾಣವೂ ಒಂದೇ ಟಿಕೆಟ್ ಸಂಖ್ಯೆಯಲ್ಲಿ ಇದೆಯೇ? ಇ-ಟಿಕೆಟ್ ಸಂಖ್ಯೆಗೆ 13 ಅಂಕಿ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯದ್ದು, ಏರ್ ಇಂಡಿಯಾದ್ದಾದರೆ 098. ಮಂಗಳೂರು–ಮುಂಬೈ ಮತ್ತು ಮುಂಬೈ–ಲಂಡನ್ ಎರಡರ ಎದುರೂ ಇದೇ 13 ಅಂಕಿ ಇರಬೇಕು. ಏಜೆಂಟ್ ಪ್ರಿಂಟ್ ಹಾಕಿಕೊಟ್ಟ ಹಾಳೆ ನಂಬದೆ, ಕಂಪನಿಯ ವೆಬ್‌ಸೈಟಿನಲ್ಲಿ ಆರು ಅಕ್ಷರದ ಪಿಎನ್‌ಆರ್ ಮತ್ತು ಸರ್‌ನೇಮ್ ಹಾಕಿ ನೀವೇ ನೋಡಿ. ಎರಡೂ ವಿಮಾನ ಒಟ್ಟಿಗೆ ಕಾಣಬೇಕು. ಆನ್‌ಲೈನ್ ಬುಕಿಂಗಿನಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಎಂದು ಕಂಡರೆ ಅದು ಎರಡು ಟಿಕೆಟಿನ ವ್ಯವಹಾರವೇ.

ತೂಕದಲ್ಲೂ ಪೆಟ್ಟು ಬೀಳುತ್ತದೆ. ಒಂದೇ ಟಿಕೆಟ್ ಆದರೆ ವಿದೇಶದ ಲಗೇಜು ಮಿತಿ ಊರಿನ ವಿಮಾನಕ್ಕೂ ಅನ್ವಯ. ಬೇರೆ ಟಿಕೆಟ್ ಆದರೆ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲೇ ದೇಶೀಯ ಮಿತಿ, ಸಾಮಾನ್ಯವಾಗಿ 15 ಕಿಲೋ. ಉಪ್ಪಿನಕಾಯಿ, ಹಪ್ಪಳ ಎಂದು 23 ಕಿಲೋ ತುಂಬಿದ ಪೆಟ್ಟಿಗೆಯ ಉಳಿದ 8 ಕಿಲೋಗೆ ಅಲ್ಲೇ ದುಡ್ಡು ಕಟ್ಟಬೇಕು. ಪೆಟ್ಟಿಗೆಗೆ ಕಟ್ಟುವ ಟ್ಯಾಗನ್ನು ಓದದೆ ಕೌಂಟರ್ ಬಿಡಬೇಡಿ. ಅದರಲ್ಲಿ ದಪ್ಪಕ್ಷರದಲ್ಲಿ 'ಎಲ್‌ಎಚ್‌ಆರ್' ಇದ್ದರೆ ಪೆಟ್ಟಿಗೆ ಲಂಡನ್ನಿಗೆ, 'ಬಿಒಎಂ' ಮಾತ್ರ ಇದ್ದರೆ ಮುಂಬೈಯಲ್ಲಿ ನೀವೇ ಎತ್ತಿಕೊಳ್ಳಬೇಕು. ಟಿ2ರಲ್ಲೇ ಇಳಿದರೂ ಆಗಮನದ ಮಹಡಿಯಿಂದ ಹೊರಬಿದ್ದು, ನಾಲ್ಕನೇ ಹಂತದ ನಿರ್ಗಮನ ಬಾಗಿಲಲ್ಲಿ ಮತ್ತೆ ಒಳಹೊಕ್ಕು, ಹೊಸದಾಗಿ ಚೆಕ್-ಇನ್, ಇಮಿಗ್ರೇಷನ್, ಸೆಕ್ಯುರಿಟಿ. ಮಂಡಿನೋವಿನ ಹಿರಿಯರಿಗೆ ಇದು ಸಣ್ಣ ಕೆಲಸವಲ್ಲ.

ಪರಿಹಾರದ ವಿಷಯದಲ್ಲೂ ಅದೇ ಗೆರೆ. ಒಂದು ವಿಮಾನ ರದ್ದಾದದ್ದರಿಂದ ಇನ್ನೊಂದು ತಪ್ಪಿದರೆ, ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮದ ರಕ್ಷಣೆ ಸಿಗುವುದು ಎರಡೂ ಒಂದೇ ಟಿಕೆಟ್ ಸಂಖ್ಯೆಯಲ್ಲಿದ್ದರೆ. ಬೇರೆ ಟಿಕೆಟಿನವರಿಗೆ ಮೊದಲ ಕಂಪನಿ ಮುಂಬೈಗೆ ತಲುಪಿಸಿದರೆ ಅದರ ಜವಾಬ್ದಾರಿ ಮುಗಿಯಿತು, ಎರಡನೆಯದಕ್ಕೆ ನೀವು ತಡವಾಗಿ ಬಂದ ಪ್ರಯಾಣಿಕರು, ಅಷ್ಟೇ.

ಈಗಾಗಲೇ ಇಂಥ ಟಿಕೆಟ್ ಕೈಯಲ್ಲಿದ್ದರೆ ನಡುವೆ ಕನಿಷ್ಠ ಆರು ಗಂಟೆ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಸಾಲದು, ಹಿಂದಿನ ದಿನವೇ ಮುಂಬೈಗೆ ಬಂದುಬಿಡಿ. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುತ್ತವೆ, ಎರಡನ್ನೂ ಒಟ್ಟಿಗೆ ಬಳಸಲಾಗದು. ಮಳೆ ಜೋರಾದರೆ ಬೆಳಗಿನ ತಡ ಸಂಜೆವರೆಗೂ ಬೆಳೆಯುತ್ತದೆ. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ನಿಲ್ದಾಣವೂ ನಡೆಯುತ್ತಿದೆ. ಟಿಕೆಟಿನಲ್ಲಿ ಒಂದು ಕಡೆ 'ಎನ್‌ಎಂಐ', ಇನ್ನೊಂದು ಕಡೆ 'ಬಿಒಎಂ' ಇದ್ದರೆ ನೀವು ಇಳಿಯುವುದು ಒಂದು ವಿಮಾನ ನಿಲ್ದಾಣದಲ್ಲಿ, ಹತ್ತುವುದು ಮೂವತ್ತು ಕಿಲೋಮೀಟರಿಗೂ ಆಚೆ ಇನ್ನೊಂದರಲ್ಲಿ. ಅಂಥ ಟಿಕೆಟ್ ತೆಗೆದುಕೊಳ್ಳಲೇಬೇಡಿ.

ದಾರಿಯಲ್ಲೇ ತಡವಾಗುವುದು ಖಚಿತವಾದರೆ, ಆದಷ್ಟು ಬೇಗ ಎರಡನೇ ಕಂಪನಿಗೆ ಫೋನ್ ಮಾಡಿ ಅಥವಾ ಆ್ಯಪ್‌ನಲ್ಲಿ ದಿನಾಂಕ ಬದಲಿಸಿ. ಶುಲ್ಕ ಬೀಳುತ್ತದೆ, ಆದರೆ ನೋ-ಶೋ ತಪ್ಪಿ ವಾಪಸು ಟಿಕೆಟ್ ಉಳಿಯುತ್ತದೆ. ಕಂಪನಿಯ ನಂಬರನ್ನು ಗೂಗಲಿನಲ್ಲಿ ಹುಡುಕದೆ ಟಿಕೆಟಿನಿಂದ ಅಥವಾ ಅಧಿಕೃತ ಆ್ಯಪ್‌ನಿಂದಲೇ ತೆಗೆದುಕೊಳ್ಳಿ, ಗಾಬರಿಯಲ್ಲಿರುವವರಿಗೆ ಕಾದು ಕೂತ ಕಳ್ಳ ನಂಬರುಗಳು ಬಹಳ.

ವಿಮಾನ ತಪ್ಪಿಯೇ ಹೋದರೂ ಪೂರ್ತಿ ದುಡ್ಡು ಮುಳುಗಿತು ಎಂದು ಬಿಡಬೇಡಿ. ರಿಫಂಡ್ ಇಲ್ಲದ ಟಿಕೆಟಿನಲ್ಲೂ, ನೋ-ಶೋ ಆದರೂ, ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರ ಶುಲ್ಕ ವಾಪಸು ಕೊಡಬೇಕೆಂದು ಡಿಜಿಸಿಎ ನಿಯಮವಿದೆ. ಅದನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ವಿಮಾನಯಾನ ಸಚಿವಾಲಯದ ದೂರು ತಾಣ ಏರ್‌ಸೇವಾದಲ್ಲಿ ದೂರು ಹಾಕಿ. 'ಒಂದೇ ಕಂಪನಿ' ಎಂದು ಏಜೆಂಟ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಅವನ ಹಾಳೆ, ಹಣ ಕಟ್ಟಿದ ರಸೀದಿ ಅಳಿಸದೆ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಅವೇ ಕಾಗದ ಜಿಲ್ಲಾ ಗ್ರಾಹಕ ಆಯೋಗದಲ್ಲೂ ಬೇಕಾಗುತ್ತವೆ.